ರೈಬಾರಿಯ ಬುಲೆಟ್ಟಿಗೊಂದು ವಿಂಡ್‌ಶೀಲ್ಡ್

ಮಾರಿದ ಸಾಮಾನನ್ನು ವಾಪಸು ತರುವ ಗಿರಾಕಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಉಡುಪಿಯ ಕಲ್ಸಂಕದಲ್ಲಿ ನನ್ನದೊಂದು ಮೋಟಾರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಕರುಣಾಕರ ಎಂಬ ಹೆಸರನ್ನು ನನ್ನ ತಂದೆ ಯಾವ ಧೈರ್ಯದಿಂದ ಇಟ್ಟರೋ, ಕರುಣೆಯೆಂಬುದು ಬೋರ್ಡಿನ ಮೇಲಷ್ಟೇ ಉಂಟು ಎಂದು ನನ್ನ ಹೆಂಡತಿ ನಳಿನಾಕ್ಷಿ ಬಂದವರ ಹತ್ತಿರವೆಲ್ಲ ಹೇಳುತ್ತಾಳೆ. ಹೇಳಲಿ. ಬ್ರೇಕ್ ಕೇಬಲ್ಲನ್ನು ವಾರವಿಡೀ ಎಳೆದಾಡಿ, ಗ್ರೀಸ್ ಮೆತ್ತಿ, ಆಮೇಲೆ ‘ಇದು ನಮ್ಮ ಗಾಡಿಗೆ ಆಗುವುದಿಲ್ಲ’ ಎಂದು ಮೇಜಿನ ಮೇಲೆ ಒಗೆಯುವವರಿಗೆಲ್ಲ ಕರುಣೆ ತೋರಿಸಿದ್ದರೆ ನಾನು ಎಂದೋ ಅಂಗಡಿಗೆ ಬೀಗ ಹಾಕಿ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದೆ.

ಇಂಥ ನನ್ನ ಕೈಯಿಂದ ಒಂದೇ ಸಾಮಾನನ್ನು ಮತ್ತೆ ಮತ್ತೆ ಬದಲಾಯಿಸಿಕೊಂಡು, ಬೈಸಿಕೊಂಡು, ಬೈದದ್ದಕ್ಕೆ ನಕ್ಕು, ಮೇಲಿಂದ ಚಾ ಸಹ ಕುಡಿದು ಹೋದ ಮನುಷ್ಯ ಒಬ್ಬನೇ. ಸಂತೆಕಟ್ಟೆಯ ಜೋಕಿಮ್ ಮಿನೇಜಸ್. ಎಂಬತ್ತೊಂದು, ಎಂಬತ್ತೆರಡನೇ ಇಸವಿಯ ಮಾತು.

ಜೋಕಿಮನ ಕಸುಬು ರೈಬಾರಿಯದು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರಲ್ಲಿ ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ಹುಡುಕಿ ಎರಡು ಮನೆಯವರನ್ನೂ ಮಾತಿಗೆ ಕೂರಿಸುವವನೇ ರೈಬಾರಿ. ಮಾತು ಅವನ ಬಂಡವಾಳ. ಜೋಕಿಮನ ಬಾಯಿಗೆ ಸಿಕ್ಕಿದ ಸೋಮಾರಿ ‘ಶಾಂತ ಸ್ವಭಾವದವನು’ ಆಗುತ್ತಿದ್ದ, ಜಗಳಗಂಟಿ ‘ಚುರುಕಿನ ಹುಡುಗಿ’ ಆಗುತ್ತಿದ್ದಳು, ದಿನಾ ಸಂಜೆ ಕುಡಿಯುವವನು ‘ನಾಲ್ಕು ಜನರ ಒಟ್ಟಿಗೆ ಸೇರುವವನು’ ಆಗುತ್ತಿದ್ದ. ಹಾಗೆಂದು ಸುಳ್ಳುಗಾರನಲ್ಲ. ಯಾವ ಸುಳ್ಳನ್ನೂ ಅವನು ಹೇಳುತ್ತಿರಲಿಲ್ಲ, ನಿಜವನ್ನು ಸ್ವಲ್ಪ ಇಸ್ತ್ರಿ ಮಾಡಿ ಕೊಡುತ್ತಿದ್ದ. ವಯಸ್ಸು ನಲವತ್ತರ ಆಸುಪಾಸು. ಊರಿಗೆಲ್ಲ ಮದುವೆ ಮಾಡಿಸಿದ ಈ ಮಹಾಶಯನಿಗೆ ಮಾತ್ರ ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರೂ ಕೇಳಿಯೂ ಇರಲಿಲ್ಲ. ಬಡಿಸುವವನಿಗೆ ಊಟವಾಗಿದೆಯೋ ಎಂದು ಪಂಕ್ತಿಯಲ್ಲಿ ಕುಳಿತವರು ಯೋಚಿಸುವುದಿಲ್ಲ.

ಉಳಿದ ರೈಬಾರಿಗಳು ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಕಾಲದಲ್ಲಿ ಜೋಕಿಮ್ ಬುಲೆಟ್ ಓಡಿಸುತ್ತಿದ್ದ. ಅದು ಶೋಕಿಗಲ್ಲ. ಬಹರೈನಿಗೋ ಕುವೈಟಿಗೋ ಹೋದ ಹುಡುಗರು ರಜೆಯಲ್ಲಿ ಬಂದು ಇಳಿಯುವುದೇ ತಡ, ಮನೆಯವರಿಗೆ ಮದುವೆಯ ಅವಸರ. ಹುಡುಗಿ ನೋಡಬೇಕು, ಇಗರ್ಜಿಯಲ್ಲಿ ಪಾದ್ರಿಗಳು ಆದಿತ್ಯವಾರದ ಪೂಜೆಯಲ್ಲಿ ಮದುವೆಯಾಗುವವರ ಹೆಸರು ಓದಬೇಕು, ಮದುವೆ ಮುಗಿಯಬೇಕು, ಹುಡುಗ ಪುನಃ ವಿಮಾನ ಹತ್ತಬೇಕು. ಬಸ್ಸಿಗೆ ಕಾಯುವ ರೈಬಾರಿಯನ್ನು ಕಟ್ಟಿಕೊಂಡರೆ ಹುಡುಗ ಬ್ರಹ್ಮಚಾರಿಯಾಗಿಯೇ ಹಿಂದೆ ಹೋಗಬೇಕಾಗುತ್ತಿತ್ತು. ಬೆಳಿಗ್ಗೆ ಕಾಪುವಿನಲ್ಲಿ ಹುಡುಗನ ತಾಯಿಯ ಮುಂದೆ ಕೂತ ಜೋಕಿಮ್ ಮಧ್ಯಾಹ್ನಕ್ಕೆ ಕಾರ್ಕಳದಲ್ಲಿ ಹುಡುಗಿಯ ತಂದೆಯ ಮುಂದೆ ಕೂತಿರುತ್ತಿದ್ದ.

ಅವನಿಗೆ ಉಪದ್ರ ಕೊಟ್ಟದ್ದು ಗಾಳಿ. ಜೋಕಿಮನ ಕಣ್ಣುಗಳು ದೊಡ್ಡವು, ಸ್ವಲ್ಪ ಹೊರಗೆ ಬಂದಂಥವು. ಸ್ವಲ್ಪ ದೂರ ಗಾಡಿ ಓಡಿಸಿದರೆ ಸಾಕು, ಕೆಂಡದ ಹಾಗೆ ಕೆಂಪಾಗಿ ನೀರು ಸುರಿಯುತ್ತಿತ್ತು. ಕಾಪುವಿನ ಒಂದು ಮನೆಯ ಯಜಮಾನರು ಆ ಕಣ್ಣುಗಳನ್ನು ನೋಡಿ, “ಸಾರಾಯಿ ಗಡಂಗಿನಿಂದ ಸೀದ ಇಲ್ಲಿಗೇ ಬಂದದ್ದಾ?” ಎಂದು ಗೇಟಿನಿಂದಲೇ ಹಿಂದೆ ಕಳಿಸಿದರಂತೆ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ನೋಡಿದ. ಇನ್ನಂಜೆಯ ಅಜ್ಜಿಯೊಬ್ಬರು ಕಸ್ಟಮ್ಸಿನವರು ಬಂದರೆಂದು ಹೆದರಿ, ಮಗ ದುಬೈಯಿಂದ ತಂದ ಟೇಪ್‌ರೆಕಾರ್ಡರನ್ನು ಭತ್ತದ ರಾಶಿಯಲ್ಲಿ ಹೂತಿಟ್ಟರಂತೆ. ಆ ದಿನವೇ ಅವನು ನನ್ನ ಅಂಗಡಿಯ ಮುಂದೆ ಬುಲೆಟ್ ನಿಲ್ಲಿಸಿದ.

“ಕರುಣಾಕರಣ್ಣ, ಮುಖಕ್ಕೆ ಗಾಳಿ ಬೀಳದ ಹಾಗೆ ಎಂತಾದರೂ ಉಂಟಾ?”

“ಉಂಟು. ಕಾರು.”

“ತಮಾಷೆ ಬೇಡ ಮಾರಾಯ್ರೆ. ದೂರ ದೂರ ಹೋಗ್ಲಿಕ್ಕೆ ಉಂಟು. ಆರಾಮಾಗಬೇಕು.”

ಆಗ ಬುಲೆಟ್ಟಿಗೆ ಹಾಕುವ ವಿಂಡ್‌ಶೀಲ್ಡುಗಳು ಹೊರಗಿನಿಂದ ಬರುತ್ತಿದ್ದವು. ಕಂಪೆನಿಯದಲ್ಲ, ಯಾರ್ಯಾರೋ ಮಾಡಿ ಕಳಿಸುತ್ತಿದ್ದದ್ದು. ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಹ್ಯಾಂಡಲಿಗೆ ಕಚ್ಚಿಸಲು ಕ್ಲಾಂಪು. ನಾವೆಲ್ಲ ಅದನ್ನು ಗ್ಲಾಸು ಎಂದೇ ಹೇಳುತ್ತಿದ್ದೆವು. ನಾನು ಮೂರು ನಾಲ್ಕು ನಮೂನೆ ತೆಗೆದು ಮುಂದಿಟ್ಟೆ. ಹುಡುಗಿಯ ಚಂದ ಒಂದನ್ನೇ ನೋಡಬೇಡಿ, ಮನೆತನ ನೋಡಿ, ಗುಣ ನೋಡಿ ಎಂದು ಊರಿನ ಹುಡುಗರಿಗೆಲ್ಲ ಉಪದೇಶ ಮಾಡುವ ಈ ಮನುಷ್ಯ, ಇದ್ದುದರಲ್ಲಿ ಚಿಕ್ಕದಾದ, ತುದಿಗೆ ನೀಲಿ ಬಣ್ಣದ ಛಾಯೆಯಿದ್ದ ಒಂದನ್ನು ಎತ್ತಿ ಹಿಡಿದು “ಚಂದ ಉಂಟು ಅಲ್ವಾ?” ಎಂದ. ನಿಮ್ಮ ಎತ್ತರಕ್ಕೆ ಇದು ಗಿಡ್ಡವಾಯಿತು ಎಂದೆ. ಕೇಳಲಿಲ್ಲ. ನಾನೂ ಹಾಕಿ ಕಳಿಸಿದೆ. ಕೇಳದವರಿಗೆ ಎರಡು ಸಲ ಹೇಳುವ ಅಭ್ಯಾಸ ನನಗಿಲ್ಲ.

ಮರುವಾರವೇ ಬಂದ. ಕಣ್ಣು ಮೊದಲಿಗಿಂತ ಕೆಂಪು, ತಲೆಕೂದಲು ತೆಂಗಿನ ಸಿಪ್ಪೆ. ಮೊದಲು ಎದೆಗೆ ಬಡಿಯುತ್ತಿದ್ದ ಗಾಳಿ ಈಗ ಗ್ಲಾಸಿನ ಅಂಚಿನಿಂದ ಹಾರಿ ನೇರ ಕಣ್ಣಿಗೇ ಬೀಳುತ್ತಿತ್ತು. “ಇದರಿಂದ ಎದೆಗೆ ಮಾತ್ರ ಆರಾಮ, ಎದೆಯನ್ನು ಯಾರು ನೋಡ್ತಾರೆ ಕರುಣಾಕರಣ್ಣ” ಎಂದು ಕೊಸರಾಡಿದ. ನಾನು ಬಾಯಿಗೆ ಬಂದ ಹಾಗೆ ಬೈದೆ. ಬೈದು ಮುಗಿಸುವುದರೊಳಗೆ ಅವನು ಅಂಗಡಿಯ ಅತ್ಯಂತ ದೊಡ್ಡ ಗ್ಲಾಸನ್ನು, ಪೊಲೀಸರ ಗಾಡಿಗೆ ಇರುವಂಥದ್ದನ್ನು, ತಾನೇ ಕೆಳಗಿಳಿಸಿಯಾಗಿತ್ತು. ಗಿಡ್ಡದ್ದು ಆಗದಿದ್ದರೆ ಉದ್ದದ್ದು ಆಗಲೇಬೇಕು ಎಂಬ ಲೆಕ್ಕ.

ಅದು ತಲೆಯ ಮೇಲೂ ಒಂದು ಗೇಣು ನಿಲ್ಲುತ್ತಿತ್ತು. ಒಳಗೆ ಕೂತರೆ ಗಾಳಿಯ ಸುದ್ದಿಯೇ ಇಲ್ಲ, ಅದು ಹೌದು. ಆದರೆ ಕಾಪುವಿನಲ್ಲಿ ಕಡಲಿನ ಕಡೆಯಿಂದ ಅಡ್ಡಗಾಳಿ ಬೀಸಿದಾಗ ಗ್ಲಾಸು ದೋಣಿಯ ಹಾಯಿಯಾಗಿ, ಗಾಡಿ ತನ್ನಷ್ಟಕ್ಕೆ ರಸ್ತೆಯ ಆ ಬದಿಗೆ ಹೋಗಲು ಶುರುಮಾಡಿತು. ಅದನ್ನೂ ಸಹಿಸಿಕೊಂಡ. ಧೂಳನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ನೀರು ಹಾಕಿ ತೊಳೆಯಿರಿ ಎಂದು ಹೇಳಿದ್ದೆ. ಇಸ್ತ್ರಿ ಮಾಡಿದ ಕರವಸ್ತ್ರದಲ್ಲಿ ದಿನಾ ಉಜ್ಜಿ ಉಜ್ಜಿ ಗೀರು ಬೀಳಿಸಿ, ಸಂಜೆ ಪಡುವಣ ಬಿಸಿಲು ಬಿದ್ದರೆ ಎದುರಿಗೆ ಬರುವುದು ಬಸ್ಸೋ ಎಮ್ಮೆಯೋ ತಿಳಿಯದ ಹಾಗೆ ಮಾಡಿಕೊಂಡ. ಅದನ್ನೂ ಸಹಿಸಿಕೊಂಡ. ಮಳೆ ಹಿಡಿದ ಮೇಲೆ ಮಾತ್ರ ಆಟ ನಡೆಯಲಿಲ್ಲ. ಮೋಟಾರ್ ಸೈಕಲ್ಲಿನ ಗ್ಲಾಸಿಗೆ ವೈಪರ್ ಇಲ್ಲವಲ್ಲ! ಇಣುಕಿ ನೋಡೋಣವೆಂದರೆ ಗ್ಲಾಸು ತಲೆಗಿಂತ ಎತ್ತರ. ಇನ್ನಂಜೆಯ ತಿರುವಿನಲ್ಲಿ ರಸ್ತೆ ತಿರುಗಿತು, ಜೋಕಿಮ್ ತಿರುಗಲಿಲ್ಲ. ಬುಲೆಟ್ಟಿನ ಸಮೇತ ಗದ್ದೆಯಲ್ಲಿ ಇಳಿದು ಕೆಸರಿನಲ್ಲಿ ನೆಟ್ಟಗೆ ನಿಂತ. ನೇಜಿ ನೆಡುತ್ತಿದ್ದ ಹೆಂಗಸರು ಬೊಬ್ಬೆ ಹಾಕಿ ನಕ್ಕು, ಆಮೇಲೆ ಅವರೇ ತಳ್ಳಿ ಮೇಲೆ ಹತ್ತಿಸಿದರಂತೆ.

ಕೆಸರು ಒಣಗುವ ಮೊದಲೇ ಅಂಗಡಿಗೆ ಬಂದ. ನನ್ನ ಮಂಡೆ ಬಿಸಿಯಾಯಿತು. ಮಾರಿದ ಸಾಮಾನಿನಿಂದ ಮನುಷ್ಯ ಸತ್ತ ಎಂಬ ಹೆಸರು ಅಂಗಡಿಗೆ ಬೇಡ. “ಪೊರ್ಬುಗಳೇ, ಇನ್ನು ಬಾಯಿ ಮುಚ್ಚಿ ನಾನು ಹೇಳಿದ ಹಾಗೆ ಕೇಳಿ” ಎಂದೆ. ನಮ್ಮ ತುಳುವರು ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಬೈಯುವಾಗಲೂ ನಾನು ಮರ್ಯಾದೆ ಬಿಡುವುದಿಲ್ಲ.

ಗ್ಲಾಸಿನ ಮೇಲಂಚು ಸವಾರನ ಮೂಗಿನ ತುದಿಗೆ ಬರಬೇಕು. ಅಷ್ಟಿದ್ದರೆ ಗಾಳಿ ಅಂಚಿನಿಂದ ಮೇಲೆ ಹಾರಿ ತಲೆಯನ್ನು ದಾಟಿ ಹೋಗುತ್ತದೆ, ಕಣ್ಣು ಅಂಚಿನ ಮೇಲಿಂದ ರಸ್ತೆ ನೋಡುತ್ತದೆ, ಮಳೆ ಬಂದರೂ ದಾರಿ ಕಾಣುತ್ತದೆ. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ತೊಂದರೆಯೆಂದರೆ, ಅಳತೆ ತೆಗೆಯುತ್ತೇನೆ ಎಂದ ಕೂಡಲೇ ಗಿರಾಕಿಗಳೆಲ್ಲ ಮದುವೆಯ ಫೋಟೋಕ್ಕೆ ಕೂತವರ ಹಾಗೆ ಎದೆಯುಬ್ಬಿಸಿ ಕೂರುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಬೆನ್ನು ಬಾಗಿ, ಮೂಗು ಎರಡು ಅಂಗುಲ ಇಳಿದು, ಗ್ಲಾಸಿನ ಅಂಚು ಸರಿಯಾಗಿ ಕಣ್ಣಿಗೇ ಅಡ್ಡ ಬರುತ್ತದೆ. ಜೋಕಿಮನಂತೂ ರೈಬಾರಿ, ಕೂತರೆ ಬಿಷಪ್ಪರ ಹಾಗೆ ಕೂರುವವನು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಅಳತೆಯ ವಿಷಯ ಎತ್ತದೆ, ಎಂಜಿನ್ನಿನ ಶಬ್ದ ಸರಿಯಿಲ್ಲ, ಮಣಿಪಾಲದ ಗುಡ್ಡ ಹತ್ತಿ ಪರ್ಕಳಕ್ಕೆ ಹೋಗಿ ಬನ್ನಿ ಎಂದೆ. ಬಂದವನನ್ನು ಪುನಃ ಓಡಿಸಿದೆ. ಬೆವರಿ, ಹಸಿದು, ಕುಂಬಳಕಾಯಿಯ ಹಾಗೆ ಕುಸಿದು ಕೂತಲ್ಲೇ ಹಿಂದೆ ಬಂದಾಗ, ನೆಟ್ಟಗಾಗಲು ಬಿಡದೆ ಓಡಿಹೋಗಿ ಮೂಗಿನ ತುದಿಗೆ ಅಳತೆಕೋಲು ಇಟ್ಟೆ.

“ಮೂಗಿಗೆ ಎಂತಕ್ಕೆ ಕೈ ಹಾಕ್ತೀರಿ ಮಾರಾಯ್ರೆ?”

“ನಿಮ್ಮ ನಿಜವಾದ ಮೂಗು ಇರುವುದು ಇಲ್ಲಿ. ಅಲುಗಾಡಬೇಡಿ.”

ಹೊಸ ಹಾಳೆಯೊಂದನ್ನು ಆ ಗುರುತಿಗೆ ಗರಗಸದಲ್ಲಿ ಕೊಯ್ದು, ಅಂಚು ತಿಕ್ಕಿ ನಯ ಮಾಡಿ, ರಬ್ಬರ್ ವಾಷರ್ ಕೊಟ್ಟು ಕೂರಿಸಿದೆ. ನಾನೇ ಹೇಳಿಕೊಳ್ಳಬಾರದು, ಆದರೆ ಉಡುಪಿ ತಾಲೂಕಿನಲ್ಲಿ ಅಂಥ ಗ್ಲಾಸು ಇನ್ನೊಂದು ಇರಲಿಲ್ಲ. ಜೋಕಿಮ್ ಕಾರ್ಕಳಕ್ಕೆ ಹೋಗಿ ಬಂದು, ಕಣ್ಣು ಬಿಳಿಯಾಗಿಯೇ ಉಂಟು, ತಲೆಯ ಕೂದಲು ಸಹ ಬಾಚಿದ ಹಾಗೇ ಉಂಟು ಎಂದು ರಸ್ತೆಯಲ್ಲೇ ನನ್ನ ಕೈ ಹಿಡಿದು ಕುಲುಕಿದ. ಪೀಡೆ ತೊಲಗಿತು ಎಂದುಕೊಂಡೆ.

ಎಲ್ಲಿ ತೊಲಗುವುದು! ಕ್ರಿಸ್ಮಸ್ಸಿಗೆ ಕೆಲವೇ ವಾರಗಳಿರುವಾಗ ಒಂದು ಬೆಳಿಗ್ಗೆ, ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಹಾಗೆಯೇ ಬಂದು ನಿಂತ. ಮುಖ ಸೋತಿತ್ತು.

“ಕರುಣಾಕರಣ್ಣ, ಈ ಗ್ಲಾಸು ತೆಗೆಯಿರಿ.”

“ಯಾಕೆ? ಎಂತ ಆಗಿದೆ ಅದಕ್ಕೆ?”

“ಎಂತ ಆಗಲಿಲ್ಲ. ಕಣ್ಣಿಗೆ ಗಾಳಿ ಬೀಳುವುದೇ ಇಲ್ಲ. ಅದೇ ತೊಂದರೆ.”

ನಾನು ಕೈಯಲ್ಲಿದ್ದ ಸ್ಪಾನರನ್ನು ಅವನ ಮೇಲೆ ಎಸೆಯಲಿಲ್ಲ ಎಂಬುದಕ್ಕೆ ನನ್ನ ಕುಲದೇವರು ಸಾಕ್ಷಿ. ಒಳಗೆ ಕೂರಿಸಿ, ಚಾ ತರಿಸಿ, “ಸರಿಯಾಗಿ ಹೇಳದಿದ್ದರೆ ಇವತ್ತು ನೀವು ನಡೆದುಕೊಂಡು ಸಂತೆಕಟ್ಟೆಗೆ ಹೋಗುವುದು” ಎಂದೆ. ಆಗ ಬಾಯಿ ಬಿಟ್ಟ.

ಕಾರ್ಕಳ ತಾಲೂಕಿನ ಅಜೆಕಾರಿನಲ್ಲಿ ಎಲಿಜಬೆತ್ ಎಂಬ ವಿಧವೆ ಮುದುಕಿಯ ಮನೆ. ಮಗಳ ಹೆಸರು ಸೆಲೀನ್. ಮನೆಯ ಚಾವಡಿಯಲ್ಲೇ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ವಯಸ್ಸು ಮೂವತ್ತು ದಾಟಿತ್ತು. ಹಿಂದಿನ ವರ್ಷ ಜೋಕಿಮ್ ಯಾವುದೋ ದುಬೈ ಹುಡುಗನ ಮಾತು ಹಿಡಿದುಕೊಂಡು ಆ ಮನೆಗೆ ಹೋಗಿದ್ದ. ಆ ಹುಡುಗನಿಗೆ ಇನ್ನೂ ಸಣ್ಣ ಪ್ರಾಯದವಳು ಬೇಕಿತ್ತು, ಮಾತು ಮುರಿಯಿತು. ಆ ಸುದ್ದಿ ತಿಳಿಸಲು ಹೋದಾಗ ಸೆಲೀನ್ ಕತ್ತರಿಯಿಂದ ಕಣ್ಣೆತ್ತದೆ, “ಒಳ್ಳೆಯದಾಯ್ತು. ಅವನ ಅಂಗಿಯ ಹೊಲಿಗೆ ನೋಡಿಯೇ ನನಗೆ ಬೇಡ ಅನ್ನಿಸಿತ್ತು” ಎಂದಳಂತೆ. ಜೋಕಿಮ್ ಅಲ್ಲೇ ಬಿದ್ದ. ಅಂದಿನಿಂದ ಹೆಚ್ಚುಕಡಿಮೆ ಪ್ರತಿ ಆದಿತ್ಯವಾರ, ಪೂಜೆ ಮುಗಿದದ್ದೇ ಬುಲೆಟ್ ಅಜೆಕಾರಿನ ದಾರಿ ಹಿಡಿಯುತ್ತಿತ್ತು. ಹುಡುಗನೊಬ್ಬ ಇದ್ದಾನೆ, ವಿಚಾರಿಸುತ್ತಿದ್ದೇನೆ ಎಂಬ ನೆಪ. ಕಾಪು ಇನ್ನಂಜೆಗಳೆಲ್ಲ ಬರೇ ಹೊಟ್ಟೆಪಾಡು, ಈ ಮನುಷ್ಯನ ದೂರದ ದಾರಿ ಅದೊಂದೇ ಆಗಿತ್ತು.

ಮುದುಕಿ ಎಲಿಜಬೆತಮ್ಮನಿಗೆ ಅವನ ಮೇಲೆ ಪ್ರಾಣ. ಯಾಕೆಂದರೆ ಹಿರಿಯಡ್ಕ ದಾಟಿ ಅಷ್ಟು ದೂರದಿಂದ ಗಾಳಿ ತಿಂದು ಬಂದ ಜೋಕಿಮ್ ಜಗಲಿಯಲ್ಲಿ ಕೂತು ಸೆಲೀನಳ ಮಾತೆತ್ತುವಾಗ ಎರಡೂ ಕಣ್ಣುಗಳಲ್ಲಿ ಧಾರಾಕಾರ ನೀರು. ನನ್ನ ಮಗಳ ಕಷ್ಟ ನೋಡಿ ರೈಬಾರಿ ಅಳುತ್ತಾನೆ, ಇಂಥ ಮೃದು ಹೃದಯದವನು ಈ ಊರಲ್ಲೇ ಇಲ್ಲ ಎಂದು ಆಕೆ ಇಗರ್ಜಿಯ ವಾರ್ಡಿನವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ದೊಡ್ಡ ಗ್ಲಾಸಿನ ಕಾಲದಲ್ಲಿ ಗಾಳಿ ಇಲ್ಲದಿದ್ದರೂ, ಗೀರುಗಳ ನಡುವೆ ದಾರಿ ಹುಡುಕಿ ಹುಡುಕಿಯೇ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಮೂಗಿನ ಅಳತೆಗೆ ಗ್ಲಾಸು ಕೊಯ್ದು ಕೂರಿಸಿದ್ದೇ ಕೂರಿಸಿದ್ದು, ರೈಬಾರಿಯ ಕಣ್ಣು ಬತ್ತಿತು. ಒಂದು ತಿಂಗಳು ನೋಡಿದಳು, ಎರಡು ತಿಂಗಳು ನೋಡಿದಳು. ಇವನಿಗೆ ನಮ್ಮ ಮೇಲಿನ ಮರುಕ ಹೋಗಿದೆ, ಈಗ ಸುಮ್ಮನೆ ಕಾಫಿ ಕುಡಿಯಲಿಕ್ಕೆ ಬರುತ್ತಾನೆ ಎಂದು ತೀರ್ಮಾನಿಸಿ, ಕಾರ್ಕಳದ ಇನ್ನೊಬ್ಬ ರೈಬಾರಿ ಮೌರಿಸನನ್ನು ಕರೆಸಿದಳು. ಮೌರಿಸ್ ಬಹರೈನಿನಲ್ಲಿರುವ ಒಬ್ಬ ವಿಧುರನನ್ನು ಗೊತ್ತುಮಾಡಿದ್ದ. ಆತ ಕ್ರಿಸ್ಮಸ್ ರಜೆಗೆ ಬಂದಿಳಿದಿದ್ದ, ಬರುವ ಆದಿತ್ಯವಾರ ಸಂಜೆ ಹೆಣ್ಣು ನೋಡಲು ಬರುವವನಿದ್ದ.

ನನಗೆ ನಗು ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಚಾ ನೆತ್ತಿಗೇರಿತು. ಜೋಕಿಮ್ ನಗಲಿಲ್ಲ. ಆಗ ನನಗೂ ಸ್ವಲ್ಪ ಕೆಟ್ಟದೆನಿಸಿತು.

“ಮಾರಾಯ್ರೆ, ಹುಡುಗ ನಾನೇ ಅಂತ ಹೇಳಿದರೆ ಮುಗಿಯಿತಲ್ಲ. ಗ್ಲಾಸು ತೆಗೆಯುವುದು ಎಂತಕ್ಕೆ?”

“ರೈಬಾರಿ ತನಗೆ ತಾನೇ ಹೆಣ್ಣು ಕೇಳಲಿಕ್ಕೆ ಉಂಟಾ ಕರುಣಾಕರಣ್ಣ? ಒಳ್ಳೆಯ ಹುಡುಗಿ ಸಿಕ್ಕಿದಾಗ ತಾನೇ ಇಟ್ಟುಕೊಂಡ ಅಂತ ಹೇಳ್ತಾರೆ. ನಾಳೆಯಿಂದ ಯಾರು ನನ್ನನ್ನು ಮನೆಯೊಳಗೆ ಬಿಡ್ತಾರೆ? ಇನ್ನೊಬ್ಬ ರೈಬಾರಿಯ ಹತ್ತಿರ ಹೇಳಿದರೆ ಊರಿಡೀ ಡಂಗುರ.” ಚಾದ ಲೋಟ ಕೆಳಗಿಟ್ಟು, “ನನಗಾಗಿ ಮಾತಾಡುವವರು ಯಾರೂ ಇಲ್ಲ” ಎಂದ.

ಅದನ್ನು ಹೇಳಿ ನನ್ನ ಮುಖವನ್ನೇ ನೋಡಿದ. ನಾನು ಆಚೀಚೆ ನೋಡಿದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಮನೆಯಲ್ಲಿ ಹೇಳಿದಾಗ ನಳಿನಾಕ್ಷಿ, “ನೀವು ಹೋಗಿ ಮಾತಾಡಿದರೆ ಇದ್ದ ಸಂಬಂಧವೂ ಹೋಗ್ತದೆ” ಎಂದಳು. ಆದರೂ ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಟ್ಟಳು.

ಆದಿತ್ಯವಾರ ಹೊರಟೆವು. ನಾನು ಹಿಂದಿನ ಸೀಟಿನಲ್ಲಿ. ಕಲ್ಸಂಕ ಬಿಟ್ಟು ಮಣಿಪಾಲ ಏರುವಷ್ಟರಲ್ಲೇ ನನ್ನ ಕೈಚಳಕದ ಪೂರ್ತಿ ಮಹಿಮೆ ನನಗೆ ತಿಳಿಯಿತು. ಅಂಚಿನಿಂದ ಮೇಲೆ ಹಾರಿದ ಗಾಳಿ ಜೋಕಿಮನ ತಲೆಯನ್ನು ಲಕ್ಷಣವಾಗಿ ದಾಟುತ್ತಿತ್ತು, ದಾಟಿ ನೇರ ನನ್ನ ಮುಖಕ್ಕೆ ರಾಚುತ್ತಿತ್ತು. ಅಳತೆ ತೆಗೆಯುವಾಗ ಹಿಂದೆ ಕೂರುವವನಿಗೂ ಒಂದು ಮುಖ ಉಂಟೆಂದು ಯೋಚಿಸಿದವರು ಯಾರು? ನಿಧಾನ ಹೋಗಿ ಎಂದು ಕೂಗಿದೆ, ಗಾಳಿ ಆ ಮಾತನ್ನು ಹಿಂದಕ್ಕೇ ಎತ್ತಿಕೊಂಡು ಹೋಯಿತು. ಅಜೆಕಾರು ಮುಟ್ಟುವಾಗ ನನಗೆ ಎದುರಿಗೆ ಇರುವುದು ಮನೆಯೋ ಹುಲ್ಲಿನ ರಾಶಿಯೋ ಕಾಣುತ್ತಿರಲಿಲ್ಲ.

ಜಗಲಿಯಲ್ಲಿ ಎಲಿಜಬೆತಮ್ಮ ಕೂತಿದ್ದಳು. ಜೋಕಿಮನನ್ನು ಕಂಡು ಮುಖ ಗಂಟಿಕ್ಕಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನ ಎರಡೂ ಕೆನ್ನೆಗಳ ಮೇಲೆ ನೀರು ಇಳಿಯುತ್ತಿತ್ತು.

“ಇವರು ಯಾರು ಜೋಕಿಮ್?”

“ಉಡುಪಿಯ ಕರುಣಾಕರಣ್ಣ, ಮಾವ್ಶಿ” ಎಂದು ಜೋಕಿಮ್ ಚಿಕ್ಕಮ್ಮನನ್ನು ಕರೆದ ಹಾಗೆ ಕರೆದು ಹೇಳಿದ. “ಸೆಲೀನಳಿಗೆ ಒಂದು ಸಂಬಂಧದ ವಿಷಯ ಮಾತಾಡಲಿಕ್ಕೆ ಬಂದಿದ್ದಾರೆ.”

“ಜೆಜು!” ಎಂದು ಯೇಸುವನ್ನು ನೆನೆದು ಮುದುಕಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. “ನಮ್ಮ ಜಾತಿಯಲ್ಲ, ನಮ್ಮ ಊರಲ್ಲ, ನನ್ನ ಮಗಳಿಗೋಸ್ಕರ ನೀವು ಇಷ್ಟು ಅಳ್ತೀರಾ ಪುತಾ?”

ಪುತಾ, ಮಗನೇ, ಎಂದು ಕರೆದವಳಿಗೆ “ಇದು ಗಾಳಿಗೆ ಬಂದ ನೀರು ಅಮ್ಮ” ಎಂದು ಹೇಳಲು ಹೊರಟೆ. ಜೋಕಿಮ್ ಹಿಂದಿನಿಂದ ಬೆನ್ನಿಗೆ ತಿವಿದ. ಸುಮ್ಮನೆ ಕೂತೆ. ಕಾಫಿ ಬಂತು, ಚಕ್ಕುಲಿ ಬಂತು. ಒಳಗೆ ಚಾವಡಿಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ನನ್ನ ಮರ್ಯಾದೆಗೆಂದು ಎಲ್ಲರೂ ಕೊಂಕಣಿ ಬಿಟ್ಟು ಕನ್ನಡದಲ್ಲೇ ಮಾತಾಡಿದರು.

ನನಗೆ ಗೊತ್ತಿರುವುದು ಸಾಮಾನು ಮಾರುವ ಮಾತು ಒಂದೇ. ಅದನ್ನೇ ಶುರುಮಾಡಿದೆ. “ಬಾಯಮ್ಮ, ಹುಡುಗ ಒಬ್ಬ ಇದ್ದಾನೆ. ಹೊಸ ಮಾಡೆಲ್ ಅಲ್ಲ, ನಲವತ್ತರ ಹತ್ತಿರ. ಆದರೆ ಒರಿಜಿನಲ್. ಒಂದೇ ಕೈಯಲ್ಲಿ ಇದ್ದದ್ದು, ಮೊದಲು ಮದುವೆ ಆಗಿಲ್ಲ. ತುಕ್ಕು ಹಿಡಿದಿಲ್ಲ.”

“ಊರು?”

“ಸಂತೆಕಟ್ಟೆ.”

ಮುದುಕಿಯ ಮುಖ ಅರಳಿತು. ನಾನು ಸಂತೋಷಪಟ್ಟೆ, ಅರ್ಥವಾಯಿತಲ್ಲ ಎಂದು. ಎಲ್ಲಿ ಅರ್ಥವಾಗುವುದು! ರೈಬಾರಿಯನ್ನು ಯಾರಾದರೂ ಗಂಡು ಎಂದು ನೋಡುವುದುಂಟೇ? ಆಕೆ ನೇರ ಜೋಕಿಮನ ಕಡೆ ತಿರುಗಿ, “ನಿನ್ನದೇ ಊರಿನವನಲ್ಲ ಜೋಕಿಮ್! ನಿನಗೆ ಗೊತ್ತಿರಬೇಕು. ಹುಡುಗ ಹೇಗೆ? ದೇವರ ಮೇಲೆ ಆಣೆ, ಮುಚ್ಚಿಡದೆ ಹೇಳಬೇಕು” ಎಂದಳು.

ಊರಿನ ಸೋಮಾರಿಗಳನ್ನೆಲ್ಲ ಶಾಂತಸ್ವಭಾವದವರನ್ನಾಗಿ ಮಾಡಿದ ಬಾಯಿ ಅದು. ಈಗ ಒಣಗಿಹೋಯಿತು. ಜೋಕಿಮ್ ತನ್ನ ಬೂಟು ನೋಡಿಕೊಂಡು, “ಹುಡುಗ... ಅಷ್ಟೇನೂ ಇಲ್ಲ ಮಾವ್ಶಿ. ಆಸ್ತಿ ಇಲ್ಲ. ಗಲ್ಫಿನಲ್ಲಿ ಇಲ್ಲ. ದಿನವಿಡೀ ಊರು ಸುತ್ತುತ್ತಾನೆ. ಮನೆಯಲ್ಲಿ ಒಬ್ಬನೇ. ಅಡುಗೆ ಸಹ ಸರಿಯಾಗಿ ಬರುವುದಿಲ್ಲ” ಎಂದ.

ಮುದುಕಿ ನನ್ನ ಕಡೆ ತಿರುಗಿ ಮರುಕದಿಂದಲೇ ಹೇಳಿದಳು. “ಬೇಜಾರು ಮಾಡಬೇಡಿ ಪುತಾ. ನಿಮ್ಮ ಮನಸ್ಸು ಒಳ್ಳೆಯದು, ಹುಡುಗ ಬೇಡ. ಸಂಜೆ ಮೌರಿಸ್ ಬಹರೈನಿನವರನ್ನು ಕರೆದುಕೊಂಡು ಬರ್ತಾನೆ.”

ನನಗೆ ಸಿಟ್ಟು ನೆತ್ತಿಗೇರಿತು. ವರ್ಷವಿಡೀ ನನ್ನ ಅಂಗಡಿಯ ಮೆಟ್ಟಿಲು ಸವೆಸಿ, ನನ್ನಿಂದ ಮೂರು ಗ್ಲಾಸು ಹಾಕಿಸಿಕೊಂಡು, ಗಾಳಿ ತಿನ್ನಿಸಿ ಇಲ್ಲಿಯವರೆಗೆ ಕರೆತಂದು, ಈ ಪುಣ್ಯಾತ್ಮ ತನ್ನ ಸಂಬಂಧವನ್ನು ತಾನೇ ಮುರಿದು ಕೂತಿದ್ದ! “ಎಂತ ಮನುಷ್ಯರು ನೀವು! ಒಂದು ಕ್ಲಾಂಪು ಮಾರಲಿಕ್ಕೂ ಲಾಯಕ್ಕಿಲ್ಲ!” ಎಂದು ಬೊಬ್ಬೆ ಹಾಕಿದೆ.

ಹೊಲಿಗೆ ಯಂತ್ರದ ಸದ್ದು ನಿಂತಿತು. ಸೆಲೀನ್ ಬಾಗಿಲಿಗೆ ಬಂದಳು. ಕೊರಳಲ್ಲಿ ಟೇಪು, ಕೈಯಲ್ಲಿ ಅರ್ಧ ಹೊಲಿದ ರವಿಕೆ. ತಾಯಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

“ಆ ಹುಡುಗನ ಹೆಸರೆಂತ?” ಎಂದು ಜೋಕಿಮನನ್ನು ಕೇಳಿದಳು.

“ಹುಡುಗ... ಹುಡುಗನಿಗೆ...”

“ಹುಡುಗ ಅಂತ ಹೇಳಬೇಡಿ. ಒಂದು ವರ್ಷದಿಂದ ಹುಡುಗ ಹುಡುಗ ಅಂತ ಕೇಳಿ ನನಗೆ ಸಾಕಾಗಿದೆ. ನಾನು ಅಂತ ಹೇಳಿ.”

ಜೋಕಿಮ್ ಎದ್ದು ನಿಂತ. “ನಾನು” ಎಂದ. “ನಾನೇ. ನನಗೆ ನೀವು ಬೇಕು. ಬೇರೆ ಯಾರನ್ನೂ ಈ ಮನೆಗೆ ಕರೆತರಲಿಕ್ಕೆ ನನ್ನಿಂದ ಆಗುವುದಿಲ್ಲ. ರೈಬಾರಿ ಕೆಲಸ ಹೋದರೆ ಹೋಗಲಿ.”

ಹೇಳಿದವನು ಉತ್ತರಕ್ಕೆ ಕಾಯಬೇಕೋ ಬೇಡವೋ! ಮೆಟ್ಟಿಲು ಹಾರಿ, ಬುಲೆಟ್ಟಿಗೆ ಒಂದೇ ಒದೆತ ಕೊಟ್ಟು, ಕೋಳಿಗಳನ್ನೆಲ್ಲ ಚೆದುರಿಸಿಕೊಂಡು ಅಂಗಳ ದಾಟಿ ಹೋಗಿಯೇ ಬಿಟ್ಟ. ಊರಿನ ಎಷ್ಟೋ ಮನೆಗಳಲ್ಲಿ ಉತ್ತರಕ್ಕಾಗಿ ತಾಸುಗಟ್ಟಲೆ ಕಾದ ಮನುಷ್ಯ ಅವನು. ತನ್ನ ಉತ್ತರಕ್ಕೆ ನಿಲ್ಲುವ ಧೈರ್ಯವಾಗಲಿಲ್ಲ. ನಾನು ಚಕ್ಕುಲಿ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಬಾಕಿಯಾದೆ.

ಎಲಿಜಬೆತಮ್ಮ ಬಾಯಿ ತೆರೆದವಳು ಮುಚ್ಚಲಿಲ್ಲ. “ಅವನಾ? ನಮ್ಮ ಜೋಕಿಮಾ? ಮತ್ತೆ ಇಷ್ಟು ದಿನ ಎಂತಕ್ಕೆ ಹೇಳಲಿಲ್ಲ?” ಎಂದು ನನ್ನನ್ನು ಕೇಳಿದಳು. ಸೆಲೀನ್ ರವಿಕೆಯನ್ನು ಮಡಚಿ ಕುರ್ಚಿಯ ಮೇಲಿಟ್ಟು ಅಂಗಳಕ್ಕೆ ಇಳಿದಳು. ಗೇಟಿನ ತನಕ ಹೋಗಿ ರಸ್ತೆ ನೋಡುತ್ತ ನಿಂತಳು.

“ಅವನಿಗೆ ಎಂತ ಹೇಳಬೇಕು ಅಂತ ನನಗೆ ಹೇಳಿಬಿಡಿ ಸೆಲೀನಮ್ಮ” ಎಂದೆ ನಾನು ಹಿಂದಿನಿಂದ. “ಬಸ್ಸಿನಲ್ಲಿ ಹೋಗಿ ತಿಳಿಸ್ತೇನೆ. ಈಗ ನಾನೇ ಅಲ್ವಾ ರೈಬಾರಿ.”

“ಬೇಡ. ಬರ್ತಾರೆ” ಎಂದಳು. ಸ್ವರ ಗಟ್ಟಿಯಾಗಿತ್ತು. ಗೇಟನ್ನು ಹಿಡಿದುಕೊಂಡ ಕೈ ಮಾತ್ರ ಸಡಿಲವಾಗಿರಲಿಲ್ಲ. ಬರದಿದ್ದರೆ ಎಂಬ ಹೆದರಿಕೆ ಅವಳಿಗೂ ಇತ್ತೆಂದು ನನಗೆ ಆಗ ಗೊತ್ತಾಯಿತು. ಅವಳೂ ಆ ವರ್ಷವಿಡೀ ಆದಿತ್ಯವಾರವನ್ನು ಕಾದವಳೇ.

ರಸ್ತೆಯಲ್ಲಿ ಎರಡು ಬಸ್ಸು ಹೋದವು. ಆಮೇಲೆ ದೂರದಲ್ಲಿ ಬುಲೆಟ್ಟಿನ ಡಬ್ ಡಬ್ ಕೇಳಿತು. ನನ್ನನ್ನು ಬಿಟ್ಟು ಹೋದದ್ದು ನೆನಪಾಗಿ ಬಂದನಂತೆ, ಹಾಗೆಂದು ಇವತ್ತಿಗೂ ಹೇಳುತ್ತಾನೆ. ನನಗೆ ನಂಬಿಕೆಯಿಲ್ಲ. ಗೇಟಿನ ಮುಂದೆ ಗಾಡಿ ನಿಲ್ಲಿಸಿದ, ಎಂಜಿನ್ ಆರಿಸಲಿಲ್ಲ. ಗ್ಲಾಸಿನ ಹಿಂದೆ ತಲೆ ತಗ್ಗಿಸಿ, “ಕರುಣಾಕರಣ್ಣ, ಹತ್ತಿ, ಹೋಗುವ” ಎಂದು ಕೂಗಿದ.

ಸೆಲೀನ್ ಏನೋ ಹೇಳಿದಳು. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ, “ಆಂ?” ಎಂದ. ಅವಳು ಮುಂದೆ ಹೋಗಿ ಗ್ಲಾಸಿನ ಪಕ್ಕದಿಂದ ಕೈ ಹಾಕಿ ಕೀ ತಿರುಗಿಸಿದಳು. ಎಂಜಿನ್ ಆರಿತು.

“ನನಗೆ ಒಪ್ಪಿಗೆ ಉಂಟು” ಎಂದಳು. “ಇಳಿಯಿರಿ. ಅಮ್ಮನ ಹತ್ತಿರ ನೀವೇ ಹೇಳಬೇಕು. ಮೌರಿಸ್ ಬಂದರೆ ಅವರ ಹತ್ತಿರವೂ ನೀವೇ ಹೇಳಬೇಕು.”

ಜೋಕಿಮ್ ಇಳಿದ. ಸ್ಟಾಂಡ್ ಹಾಕುವುದನ್ನು ಮರೆತು ಇಳಿದ, ಗಾಡಿಯನ್ನು ಹಿಡಿದುಕೊಂಡವನು ನಾನು.